ಶನಿವಾರದ ಕೊನೆಯ ಬಸ್ಸು

ಜುಲೈ 3, ಬುಧವಾರ

ಇವತ್ತೂ ಮಗ್ಗ ಕೈಕೊಟ್ಟಿತು. ಬೆಳಗ್ಗೆಯಿಂದ ನಾಲ್ಕು ಸಲ ಎಳೆ ಕಡಿಯಿತು. ನಾಲ್ಕು ಸಲ ಗಂಟು ಹಾಕಿದೆ, ನಾಲ್ಕು ಸಲ ಬೈದೆ. ಬೈಗುಳ ಇಲ್ಲಿ ಬರೆಯುವುದಿಲ್ಲ. ಅಪ್ಪ ಇದ್ದಿದ್ದರೆ ಹೋಗಿ ಬಾಯಿ ತೊಳೆದುಕೋ ಅನ್ನುತ್ತಿದ್ದರು.

ಸಂಜೆ ಪಕ್ಕದ ಮನೆಯ ಕರ್ಸ್ಟಿ ಬಂದಳು. ಎಂಬತ್ತು ದಾಟಿದೆ, ಇಡೀ ದ್ವೀಪದ ಸುದ್ದಿ ಅವಳ ನಾಲಿಗೆಯ ತುದಿಯಲ್ಲಿರುತ್ತದೆ. ಟೀ ಕೊಟ್ಟೆ. ಎರಡು ಗುಟುಕು ಕುಡಿಯುವವರೆಗೂ ತಡೆದುಕೊಂಡಳು, ಪಾಪ.

"ಡೊಲೀನಾ ಹೊರಟುಬಿಡ್ತಾಳಂತೆ ಕಣೇ."

"ಎಲ್ಲಿಗೆ?"

"ಇನ್ವರ್ನೆಸ್‌ಗೆ. ಗಂಡನ ಅಕ್ಕನ ಮನೆಗೆ. ಅಕ್ಟೋಬರ್ ಸಂತೇಲಿ ಕುರಿ ಎಲ್ಲಾ ಮಾರಿ, ಮನೆಗೆ ಬೀಗ ಹಾಕಿ, ಹಡಗು ಹತ್ತೋದೇ."

"ಹೋಗ್ಲಿ ಬಿಡು. ನಂಗೇನು."

"ನಿಂಗೇನೂ ಇಲ್ಲ ಅಂತ ಗೊತ್ತು. ಅದ್ಕೇ ಹೇಳ್ದೆ." ನನ್ನ ಕಪ್ಪಿನ ಕಡೆ ನೋಡಿದಳು. ಸಾಸರ್ ತುಂಬ ಟೀ ಚೆಲ್ಲಿತ್ತು.

ತಂಗಿ ಡೊಲೀನಾಳನ್ನು ನೋಡಿ ಹನ್ನೊಂದು ವರ್ಷ. ಅವಳಿರುವುದು ಗುಡ್ಡದ ಆಚೆ, ಪಡುವಣ ದಂಡೆಯ ಲಂಗಬೋಸ್ಟ್‌ನಲ್ಲಿ. ಬಸ್ಸಿನಲ್ಲಿ ಒಂದೂವರೆ ಗಂಟೆ.

ಜುಲೈ 9, ಮಂಗಳವಾರ

ಮಳೆ. ನೇಯ್ದದ್ದು ಮೂರು ಮೀಟರ್. ಕಪ್ಪು ಕೋಟಿಗೆ ಹುಳ ಹಿಡಿದಿದೆಯೋ ಎಂದು ತೆಗೆದು ನೋಡಿದೆ. ಜೇಬಿನಲ್ಲಿ ಕೈಗವಸು, ಒಂದು ಪೆಪ್ಪರ್‌ಮಿಂಟ್. ಮಾರ್ಚಿನಿಂದ ಹಾಗೇ ಇವೆ.

ಮಾರ್ಚಿನಲ್ಲಿ ಡೊಲೀನಾಳ ಗಂಡ ಈವೆನ್ ಸತ್ತ. ದನಕ್ಕೆ ಹುಲ್ಲು ಹಾಕಲು ಹೋದವನು ಕೊಟ್ಟಿಗೆಯಲ್ಲೇ ಬಿದ್ದನಂತೆ. ಹೂಳುವ ದಿನ ಕಪ್ಪು ಕೋಟು ಹಾಕಿಕೊಂಡೆ. ಬಸ್ಸು ನಿಲ್ಲುವ ಕಂಬದವರೆಗೂ ಹೋದೆ. ಬಸ್ಸು ಬಂತು. ಡ್ರೈವರ್ ಶೋನಿ ಬಾಗಿಲು ತೆಗೆದ. ಒಳಗೆಲ್ಲ ಕಪ್ಪು ಕೋಟುಗಳೇ.

"ಹತ್ತಿ," ಎಂದ.

"ಇಲ್ಲಪ್ಪ. ಗಾಳಿ ಹೇಗಿದೆ ನೋಡೋಣ ಅಂತ ಬಂದೆ," ಎಂದೆ.

ಗಾಳಿ! ಆ ಗಾಳಿಗೆ ನನ್ನ ಟೋಪಿಯೇ ಹಾರಿ ಹಳ್ಳಕ್ಕೆ ಬಿದ್ದಿತ್ತು. ಬಸ್ಸಿನಲ್ಲಿ ಯಾರೂ ನಗಲಿಲ್ಲ. ಮನೆಗೆ ಬಂದು ಕೋಟು ಬಿಚ್ಚದೆ ಸಂಜೆಯವರೆಗೆ ಕೂತಿದ್ದೆ.

ಆಗಸ್ಟ್ 2, ಶುಕ್ರವಾರ

ಇದನ್ನು ಒಮ್ಮೆ ಬರೆದುಬಿಡಬೇಕು. ಬರೆಯದೆ ಹನ್ನೊಂದು ವರ್ಷ ಕಳೆದೆ.

ಅಪ್ಪ ಸತ್ತಾಗ ಹಗ್ಗದ ಪಟ್ಟಿ ಮಾಡಿದವಳು ನಾನು. ಎಂಟು ಹಗ್ಗ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಜನ ಹಿಡಿಯಬೇಕು. ತಲೆಯ ಕಡೆ ಒಂದನೆಯದು, ಪಾದದ ಕಡೆ ಎರಡನೆಯದು, ಉಳಿದವು ಅಕ್ಕಪಕ್ಕ. ಯಾರಿಗೆ ಯಾವುದು ಎಂದು ಮನೆಯವರೇ ಕಾರ್ಡಿನ ಮೇಲೆ ಬರೆದು ಕಳಿಸಬೇಕು. ಆಗ ನಮ್ಮ ಕಡೆ ಹೆಂಗಸರು ಗುಂಡಿಯ ಬಳಿ ಹೋಗುತ್ತಿರಲಿಲ್ಲ, ಮನೆಯಲ್ಲೇ ಟೀ ಕಾಯಿಸಿಕೊಂಡು ಇರುವುದು. ಆದರೆ ಪಟ್ಟಿ ಹೆಂಗಸರದ್ದೇ. ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಒಬ್ಬನೇ ಅಳಿಯ.

ಎಂಟು ಕಾರ್ಡು ಬರೆದೆ. ಚಿಕ್ಕಪ್ಪ, ಅವರ ಇಬ್ಬರು ಮಕ್ಕಳು, ಅತ್ತೆಯ ಗಂಡ, ಅಪ್ಪನ ಜೊತೆ ದೋಣಿಯಲ್ಲಿದ್ದ ಇಬ್ಬರು, ಪಾದ್ರಿಯ ತಮ್ಮ. ಎಂಟನೆಯದು ವರ್ಷಕ್ಕೆರಡು ಸಲ ಬಂದು ಒಲೆಯಲ್ಲಿ ಉರಿಸುವ ಪೀಟ್ ಮಣ್ಣನ್ನು ಜೌಗಿನಿಂದ ಕಡಿದುಕೊಡುತ್ತಿದ್ದವನಿಗೆ. ಅಳಿಯನಿಗೆ ಇಲ್ಲ.

ಈವೆನ್ ಗುಂಡಿಯ ಪಕ್ಕ ಟೋಪಿ ಹಿಡಿದುಕೊಂಡು ನಿಂತಿದ್ದನಂತೆ. ಒಬ್ಬೊಬ್ಬರ ಹೆಸರು ಕರೆದಾಗಲೂ ಒಂದು ಹೆಜ್ಜೆ ಮುಂದೆ ಬಂದನಂತೆ. ಎಂಟೂ ಮುಗಿದ ಮೇಲೆ ಆ ಎಂಟು ಹೆಜ್ಜೆ ಹಿಂದೆ ಹೋದನಂತೆ. ಗಂಡಸರು ಮನೆಗೆ ಬಂದು ಹೇಳುವಾಗ ಡೊಲೀನಾ ಟೀ ಬಗ್ಗಿಸುತ್ತಿದ್ದಳು. ಕೆಟಲ್ ಕೆಳಗಿಟ್ಟಳು. "ಎಂಟು ಹಗ್ಗ ಇತ್ತು ಮರ್ಡೀನಾ. ಎಂಟು," ಎಂದಳು. ಕೋಟು ತೆಗೆದುಕೊಂಡಳು. ಅಷ್ಟೇ. ಆಮೇಲೆ ಅವಳ ದನಿ ಕೇಳಿಲ್ಲ.

ಮರೆತೆ ಅಂತ ಎಲ್ಲರಿಗೂ ಹೇಳಿದೆ. ದುಃಖದಲ್ಲಿ ಕೈತಪ್ಪಿತು ಅಂದೆ. ಪಾದ್ರಿಯ ಮುಂದೆ ಕೂಡ.

ಮರೆತಿರಲಿಲ್ಲ.

ಕೊನೆಯ ಕಾರ್ಡು ಮುಂದಿಟ್ಟುಕೊಂಡು ಅವನ ಹೆಸರಿನ ಮೊದಲ ಅಕ್ಷರ ಬರೆದು ಒಲೆಗೆ ಹಾಕಿದ್ದೆ. ಇಪ್ಪತ್ತೆರಡರ ಹುಡುಗಿಯನ್ನು ಗುಡ್ಡದಾಚೆ ಕರೆದುಕೊಂಡು ಹೋದನಲ್ಲ, ಆ ಸಿಟ್ಟು. ಅವಳು ಹೋದ ಮೇಲೆ ನಮ್ಮ ಹಾಸಿಗೆಯ ಗೋಡೆಯ ಕಡೆಯ ಅರ್ಧ ಖಾಲಿ. ನಾನು, ಅಪ್ಪ, ಅಮ್ಮ, ಮಗ್ಗ. ಆ ಮನುಷ್ಯ ಒಂದು ದಿನವೂ ನನಗೆ ಒರಟು ಮಾತಾಡಿದವನಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಸಾಕು.

ಸೆಪ್ಟೆಂಬರ್ 11, ಬುಧವಾರ

ಒಂದು ತಿಂಗಳ ಮೇಲಾಯಿತು, ಏನೂ ಬರೆದಿಲ್ಲ. ಬರೆದದ್ದನ್ನು ಓದಿ ಪುಸ್ತಕವನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಯಾರಿಗೆ ಹೆದರಿ? ಮನೆಯಲ್ಲಿ ಇರುವುದು ನಾನು ಮತ್ತು ಬೆಕ್ಕು.

ಬಟ್ಟೆ ಮುಗಿಯಿತು. ಮಿಲ್ಲಿನ ವ್ಯಾನು ಒಯ್ದಿತು. ಮುಂದಿನ ಹಾಸುನೂಲು ಬರುವುದು ಮಂಗಳವಾರ. ಭಾನುವಾರ ಬಿಟ್ಟರೂ ನಾಲ್ಕು ದಿನ ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ಕೈ ಸುಮ್ಮನಿರುವುದಿಲ್ಲ, ಬಸ್ಸಿನ ವೇಳಾಪಟ್ಟಿ ಹುಡುಕಿ ತೆಗೆಯಿತು.

ಬೆನ್ ರೂಅ ಗುಡ್ಡದ ನೆತ್ತಿಯ ಕೆಳಗೆ ಹಳೆಯ ಹೆಣದ ದಾರಿ ಇದೆ. ನಮ್ಮ ಕಡೆಯ ಬಂಡೆನೆಲದಲ್ಲಿ ಹೂಳಲು ಮಣ್ಣು ಸಾಲದೆ ಹಿಂದಿನವರು ಆಚೆಯ ಮರಳಿಗೆ ಹೊತ್ತುಕೊಂಡು ಹೋಗುತ್ತಿದ್ದ ದಾರಿ. ಅಲ್ಲಿಂದ ಅವಳ ಮನೆ ಕಾಣುತ್ತದೆ. ಬಸ್ಸಿನಲ್ಲಿ ಹೋಗಿ ಆ ಕಡೆಯಿಂದ ಹತ್ತುವುದು. ಹೊಗೆ ಬರುತ್ತಿದೆಯೋ ನೋಡುವುದು. ಇಳಿದು ಬಸ್ಸು ಹತ್ತಿ ಬರುವುದು. ಯಾರಿಗೂ ತಿಳಿಯುವುದಿಲ್ಲ. ಅಕ್ಟೋಬರ್ ಆದಮೇಲೆ ನೋಡಬೇಕೆಂದರೂ ಹೊಗೆ ಇರುವುದಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿದೆ.

ಸೆಪ್ಟೆಂಬರ್ 14, ಶನಿವಾರ. ಬೆಳಗ್ಗೆ 9.10, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಈ ರಸ್ತೆಯಲ್ಲಿ ತಿರುವು ಬಿಟ್ಟರೆ ಬೇರೇನೂ ಇಲ್ಲ.

ಶೋನಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಕೋಲು, ಬೂಟು, ಫ್ಲಾಸ್ಕು, ಕೆಂಪು ಸ್ಕಾರ್ಫು... ಏನು ಮರ್ಡೀನಾ ಅವ್ರೇ, ಎವರೆಸ್ಟಿಗಾ?"

"ಬೆನ್ ರೂಅಕ್ಕೆ. ಬಾಯಿ ಮುಚ್ಚಿ ಗಾಡಿ ಓಡ್ಸು."

ಮುಚ್ಚಿದ. ಅವನು ಬಾಯಿ ಮುಚ್ಚುವುದು ಅಪರೂಪ, ನನಗೇ ಹೆದರಿಕೆಯಾಯಿತು. ಎರಡು ತಿರುವು ಕಳೆದ ಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಲಂಗಬೋಸ್ಟಿಂದ ವಾಪಸ್ಸು ನಾಲ್ಕು ಐವತ್ತಕ್ಕೆ. ಅದೇ ಕೊನೇದು," ಎಂದ.

"ಗೊತ್ತು."

"ಅದು ತಪ್ಪಿದ್ರೆ ಸೋಮವಾರಾನೇ. ನಾಳೆ—"

"ನಾಳೆ ಭಾನುವಾರ. ಬಸ್ಸಿಲ್ಲ. ಅಪ್ಪಾ, ನಾನೂ ಇದೇ ದ್ವೀಪದಲ್ಲಿ ಹುಟ್ಟಿದೋಳು. ನಿನ್ನ ತೊಟ್ಟಿಲಿಗೆ ಹೊದಿಕೆ ನೇಯ್ದುಕೊಟ್ಟೋಳು."

"ಆ ಹೊದಿಕೆ ಇನ್ನೂ ಚುಚ್ಚುತ್ತೆ," ಎಂದ.

ಬಂದರಿನ ಪೇಟೆ ಟಾರ್ಬರ್ಟ್‌ನಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ಹಡಗಿನಿಂದ ಇಳಿದ ಪ್ರವಾಸಿಗಳಿಬ್ಬರು ಹತ್ತಿದರು. ಮಳೆ ಬರುತ್ತದೆಯೇ ಎಂದು ಕೇಳಿದರು. "ಬರ್ತಿದೆಯಲ್ಲಾ," ಎಂದ ಶೋನಿ. ಅವರಿಗೆ ಇದು ಮಳೆ ಅನ್ನಿಸಿರಲಿಲ್ಲ.

ಇಳಿದುಬಿಡಲೇ ಎಂದು ಮೂರು ಸಲ ಅನ್ನಿಸಿತು. ಪೇಟೆಯಲ್ಲಿ ದಾರದುಂಡೆ ಕೊಂಡು ಹಿಂದಿರುಗಬಹುದು... ಬಸ್ಸು ಹೊರಟಿತು.

12.40, ಗುಡ್ಡದ ಮೇಲೆ

ಬಂದೆ. ಉಸಿರು ಸರಿಹೋಗಲು ಇಷ್ಟು ಹೊತ್ತು. ಕೆಳಗಿನ ಜೌಗಿನಲ್ಲಿ ಎಡಗಾಲು ಮೊಣಕಾಲವರೆಗೂ ಇಳಿಯಿತು, ಎಳೆದುಕೊಳ್ಳುವಷ್ಟರಲ್ಲಿ ಬೂಟಿನೊಳಗೆ ನೀರು. ಅರವತ್ತಾರಕ್ಕೆ ಇದೆಲ್ಲ ಬೇಕಿತ್ತೇ. ಮಳೆ ನಿಂತಿದೆ. ಗಾಳಿಯಿದೆ, ಹಾಗಾಗಿ ಕಚ್ಚುವ ನುಸಿಯಿಲ್ಲ.

ಹೆಣ ಹೊತ್ತವರು ದಣಿವಾರಿಸಿಕೊಳ್ಳುತ್ತಿದ್ದ ಕಲ್ಲುಗುಪ್ಪೆಯ ಪಕ್ಕ ಕೂತಿದ್ದೇನೆ. ನಿಂತಲ್ಲೆಲ್ಲ ಒಂದೊಂದು ಕಲ್ಲು ಇಡುವುದು ಪದ್ಧತಿ. ನಾನೂ ಒಂದು ಇಟ್ಟೆ, ಈವೆನ್ ಹೆಸರಿಗೆ. ಹಗ್ಗದ ಬದಲು ಕಲ್ಲು. ಇಟ್ಟ ಮೇಲೆ ನಾಚಿಕೆಯಾಯಿತು. ಈಗ ಯಾರಿಗೆ ತೋರಿಸಲಿಕ್ಕೆ ಇದು?

ಮನೆ ಕಾಣುತ್ತಿದೆ. ಬಿಳಿ ಗೋಡೆ, ಕೊಟ್ಟಿಗೆಗೆ ಕೆಂಪು ತಗಡು. ಹೊಗೆ ಬರುತ್ತಿದೆ. ಸರಿ, ನೋಡಿದ್ದಾಯಿತು. ಬಂದ ಕೆಲಸ ಮುಗಿಯಿತು.

1.20

ಮುಗಿಯಲಿಲ್ಲ. ಅವಳು ಹೊರಗೆ ಬಂದಳು.

ಇಲ್ಲಿಂದ ಒಂದು ಬೆರಳಿನಷ್ಟು. ಆದರೂ ಅವಳೇ. ಬಟ್ಟೆಯ ಬುಟ್ಟಿಯನ್ನು ಸೊಂಟದ ಬಲಕ್ಕೆ ಒತ್ತಿಕೊಳ್ಳುವ ರೀತಿ ಅಮ್ಮನದು. ಬಟ್ಟೆಯ ಹಗ್ಗದಲ್ಲಿ ಎರಡು ಹಾಸಿಗೆ ಹೊದಿಕೆ, ಟವೆಲ್ಲು, ಕೊನೆಯಲ್ಲಿ ಗಂಡಸಿನ ನೀಲಿ ಅಂಗಿ. ಆರು ತಿಂಗಳಾಯಿತು ಅವನು ಹೋಗಿ. ಇನ್ನೂ ಒಗೆಯುತ್ತಾಳೆ. ಬೇರೆಯವೆಲ್ಲ ಸರಸರ ಎಳೆದು ಬುಟ್ಟಿಗೆ ಹಾಕಿದಳು. ಅಂಗಿಯನ್ನು ಮಾತ್ರ ಮಡಿಸಿ ತೋಳ ಮೇಲೆ ಹಾಕಿಕೊಂಡಳು.

ಡೊಲೀನಾ, ಇಲ್ಲಿ ನೋಡೇ ಎಂದು ಕೂಗಬೇಕೆನ್ನಿಸಿತು. ಚಿಕ್ಕವರಿದ್ದಾಗ ಹಾಗೇ ಕೂಗುತ್ತಿದ್ದೆವು, ದನ ಹೊಡೆಯುವಾಗ, ಒಂದು ಗುಡ್ಡದಿಂದ ಇನ್ನೊಂದಕ್ಕೆ. ಗಂಟಲು ತೆರೆದೆ. ಬಂದದ್ದು ಅಳು. ಅಯ್ಯೋ, ಮೊಟ್ಟೆಯ ಸ್ಯಾಂಡ್‌ವಿಚ್ ಹಿಡಿದುಕೊಂಡು ಅಳುವ ಮುದುಕಿ. ಸುತ್ತ ಕುರಿ ಬಿಟ್ಟರೆ ಯಾರೂ ಇಲ್ಲದ್ದು ಪುಣ್ಯ.

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

2.45

ಕೈ ತಣ್ಣಗಿದೆ, ಬರೆಯಲೇಬೇಕು.

ಇಳಿಯುತ್ತಿದ್ದೆ. ಕಲ್ಲುಗೋಡೆಯ ಮರೆಯಲ್ಲಿ ಹತ್ತು ಹನ್ನೆರಡು ಕುರಿ ಮಲಗಿದ್ದವು. ಬೆನ್ನ ಮೇಲೆ ನೀಲಿ ಬಣ್ಣದ ಪಟ್ಟೆ. ನೀಲಿ ಅಂದರೆ ಈವೆನ್‌ನದು. ಸುಮ್ಮನೆ ದಾಟಿ ಹೋಗುವವಳಿದ್ದೆ. ಒಂದು ಹಳೆಯ ಹೆಣ್ಣು ಕುರಿ ತಲೆಯೆತ್ತಿ ನನ್ನ ಕಡೆ ತಿರುಗಿತು. ಬಲಗಿವಿಯ ತುದಿ ಇಲ್ಲ. ನೇರ ಕತ್ತರಿಸಿದೆ. ಎಡಗಿವಿಯ ಕೆಳ ಅಂಚಿಗೆ ಒಂದು ಕಚ್ಚು.

ಅದು ಅಪ್ಪನ ಗುರುತು.

ಬೇಲಿಯಿಲ್ಲದ ಗುಡ್ಡದಲ್ಲಿ ಮೇಯುವ ಕುರಿಗೆ ಕಿವಿಯೇ ವಿಳಾಸ. ಪ್ರತಿ ಮನೆಗೂ ತನ್ನದೇ ಕಚ್ಚು. ಅಪ್ಪನದು ಅಜ್ಜನಿಂದ ಬಂದದ್ದು. ಅಪ್ಪ ಸತ್ತ ಮರುವರ್ಷ ನಾನು ನಮ್ಮ ಕುರಿಯೆಲ್ಲ ಮಾರಿಬಿಟ್ಟೆ. ಈ ಗುರುತು ದ್ವೀಪದಲ್ಲಿ ಇನ್ನಿಲ್ಲ ಅಂದುಕೊಂಡಿದ್ದೆ.

ಡೊಲೀನಾಳ ಮದುವೆಗೆ ಅಪ್ಪ ಆರು ಹೆಣ್ಣು ಕುರಿ ಕೊಟ್ಟಿದ್ದರು. ಗಂಡನ ಮನೆಗೆ ಹೋದ ಕುರಿಯ ಮರಿಗೆ ಗಂಡನ ಮನೆಯ ಗುರುತು. ಎಲ್ಲರೂ ಮಾಡುವುದು ಹಾಗೇ. ಈ ಕುರಿಗೆ ಎಂಟು ವರ್ಷವಿರಬಹುದು, ಹಲ್ಲು ಉದುರಿದೆ. ಅಪ್ಪ ಸತ್ತ ಮೇಲೆ ಹುಟ್ಟಿದ್ದು. ಹಗ್ಗದ ಸಂಗತಿ ಆದಮೇಲೆ. ಹಾಗಿದ್ದರೆ ಕತ್ತರಿ ಹಿಡಿದದ್ದು ಈವೆನ್. ಗುಂಡಿಯ ಪಕ್ಕ ಬರಿಗೈಯಲ್ಲಿ ನಿಂತವನು ಅದೇ ಕೈಯಲ್ಲಿ ನನ್ನ ಅಪ್ಪನ ಗುರುತು ಹಾಕಿದ್ದಾನೆ.

ಕೋಲು ಬಿಸಾಕಿ ಮಂಡಿಯೂರಿದೆ. ಒಂದೊಂದನ್ನೇ ನೋಡಿದೆ. ಎಲ್ಲಕ್ಕೂ ಅದೇ. ಈ ವರ್ಷದ ಮರಿಗೂ! ಮರಿಯ ಗಾಯ ಮಾಗಿ ಅಂಚು ಇನ್ನೂ ಎಳಸಾಗಿದೆ. ಜುಲೈನಲ್ಲಿ ಕತ್ತರಿಸಿದ್ದು. ಆಗ ಈವೆನ್ ಇರಲಿಲ್ಲ. ಈಗ ಹಳದಿ ಪ್ಲಾಸ್ಟಿಕ್ ಬಿಲ್ಲೆ ಬಂದಿದೆ, ಕಾನೂನಿಗೆ ಅದು ಸಾಕು. ಕಿವಿ ಕತ್ತರಿಸುವ ಅಗತ್ಯವೇ ಇಲ್ಲ. ಆದರೂ ಕತ್ತರಿಸಿದ್ದಾಳೆ. ಚಿಕ್ಕವಳಿದ್ದಾಗ ಮರಿಯ ಕಿವಿ ಕತ್ತರಿಸುವ ದಿನ ನನ್ನ ಬೆನ್ನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದವಳು.

ಇವನ್ನೆಲ್ಲ ಅಕ್ಟೋಬರ್ ಸಂತೆಗೆ ಹೊಡೆಯುತ್ತಾಳೆ. ಹಡಗು ಹತ್ತುತ್ತಾಳೆ. ನಾನು ಸ್ಕಾರವಿಕ್‌ನ ನಮ್ಮ ಮನೆಯಲ್ಲಿ ಎಳೆಗೆ ಗಂಟು ಹಾಕುತ್ತ ಕೂತಿರುತ್ತೇನೆ.

4.35, ಬಸ್ಸಿನ ಕಂಬದ ಹತ್ತಿರ

ಇಳಿದೆ. ಅವಳ ಗೇಟಿಗೂ ಈ ಕಂಬಕ್ಕೂ ನೂರು ಹೆಜ್ಜೆ. ಎರಡು ಸಲ ಗೇಟಿನವರೆಗೆ ಹೋದೆ, ಎರಡು ಸಲ ವಾಪಸ್ಸು ಬಂದೆ. ಏನೆಂದು ಹೇಳುವುದು? ಮರೆತಿದ್ದೆ ಎಂದು ಮತ್ತೆ ಸುಳ್ಳು ಹೇಳುವುದಾದರೆ ಬಸ್ಸು ಹತ್ತುವುದೇ ವಾಸಿ. ನಿಜ ಹೇಳಿದರೆ ಬಾಗಿಲು ಹಾಕಬಹುದು. ಹಾಕಿದರೆ ತಪ್ಪೇನು?

ಬಸ್ಸು ಬರುತ್ತಿದೆ. ತಿರುವಿನಲ್ಲಿ ಕಾಣಿಸಿತು.

ಸೆಪ್ಟೆಂಬರ್ 15, ಭಾನುವಾರ. ಬೆಳಗ್ಗೆ

ಇವತ್ತು ದೇವರ ದಿನ, ಬರೆಯಬಾರದು. ಭಾನುವಾರ ಪೆನ್ನು ಹಿಡಿದದ್ದು ಅಪ್ಪ ನೋಡಿದ್ದರೆ... ಇರಲಿ. ಡೊಲೀನಾ ಮೇಲಿನ ಕೋಣೆಯಲ್ಲಿ ಚರ್ಚಿಗೆ ಬಟ್ಟೆ ಹಾಕಿಕೊಳ್ಳುತ್ತಿದ್ದಾಳೆ. ಅವಳು ಇಳಿಯುವುದರೊಳಗೆ.

ಶೋನಿ ಬಸ್ಸು ನಿಲ್ಲಿಸಿದ. ಬಾಗಿಲು ತೆಗೆದ. ನಾನು ಕಂಬ ಹಿಡಿದುಕೊಂಡು ನಿಂತೇ ಇದ್ದೆ.

"ಇದೇ ಕೊನೇದು, ಮರ್ಡೀನಾ ಅವ್ರೇ."

"ನೀನು ಹೋಗಪ್ಪ. ನಾನು... ಗಾಳಿ ನೋಡೋಕೆ ಬಂದೆ."

ಅವನು ನನ್ನನ್ನು ನೋಡಿದ. ಗೇಟಿನ ಕಡೆ ನೋಡಿದ. "ಚೆನ್ನಾಗಿದೆ ಗಾಳಿ. ಸೋಮವಾರ ಹತ್ತು ಗಂಟೆಗೆ ಬರ್ತೀನಿ," ಎಂದ. ಬೆಕ್ಕಿಗೆ ಹಾಲು ಹಾಕಲು ಕರ್ಸ್ಟಿಗೆ ಹೇಳು ಎಂದೆ. ಬಾಗಿಲು ಹಾಕಿದ. ಬಸ್ಸು ತಿರುವು ದಾಟಿ ಹೋಯಿತು. ಇನ್ನು ಓಡಿಹೋಗಲು ದಾರಿಯಿಲ್ಲ. ಈ ಕಾಲಿನಲ್ಲಿ ಗುಡ್ಡ ದಾಟಿ ಮನೆ ಸೇರುವುದು ಆಗದ ಮಾತು.

ನಾನು ಬಾಗಿಲು ತಟ್ಟುವ ಮೊದಲೇ ತೆರೆಯಿತು.

ಕೂದಲು ಪೂರ್ತಿ ಬೆಳ್ಳಗಾಗಿದೆ. ನನಗೆ ಅದು ಗೊತ್ತಿರಲಿಲ್ಲ.

"ಬಸ್ಸು ಹೋಯ್ತು," ಎಂದಳು.

"ಹೋಯ್ತು."

"ಇನ್ನು ಸೋಮವಾರಾನೇ."

"ಹೂಂ."

ಇಬ್ಬರೂ ನನ್ನ ಕೆಸರು ಬೂಟು ನೋಡುತ್ತ ನಿಂತೆವು. ನಾನು ಗುಡ್ಡ ಇಳಿಯುವ ಉದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. ಬಂದದ್ದು ಇಷ್ಟೇ: "ನಾನು ಮರ್ತಿರಲಿಲ್ಲ ಡೊಲೀನಾ. ಬೇಕೂಂತ್ಲೇ ಬಿಟ್ಟೆ. ಅವನ ಹೆಸರು ಬರೆಯೋಕೆ ಹೋಗಿ, ಕಾರ್ಡು ಒಲೆಗೆ ಹಾಕ್ದೆ."

"ಗೊತ್ತು."

"ಗೊತ್ತಾ?"

"ನೀನು ಹುಟ್ಟಿದಾಗಿಂದ ಏನಾದ್ರೂ ಮರ್ತಿದೀಯಾ? ನನ್ನ ಮೂರನೇ ವಯಸ್ಸಲ್ಲಿ ನಾನು ಒಡೆದ ಬಟ್ಟಲು ಇವತ್ತಿಗೂ ಎಣಿಸ್ತೀಯ." ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಬೂಟು ಅಲ್ಲೇ ಬಿಚ್ಚು. ನೆಲ ಒರೆಸಿದೀನಿ."

ಬಿಚ್ಚಿದೆ. ಕಾಲುಚೀಲದಲ್ಲಿ ತೂತಿತ್ತು. ಅದನ್ನೂ ನೋಡಿದಳು.

ಕೂರಲು ಹೊರಟರೆ ಕೈಗೆ ಬಕೆಟ್ಟು ಕೊಟ್ಟಳು. "ಆಮೇಲೆ ಕೂತ್ಕೋ. ನಾಳೆಗೆ ಪೀಟ್ ತರ್ಬೇಕು, ನೀರು ತುಂಬಿಸ್ಬೇಕು." ಭಾನುವಾರ ಯಾವ ಕೆಲಸವೂ ಇಲ್ಲದ್ದರಿಂದ ಎಲ್ಲ ಶನಿವಾರವೇ ಆಗಬೇಕು. ಪೀಟ್ ತಂದೆ, ನೀರು ತುಂಬಿಸಿದೆ. ಆಲೂಗಡ್ಡೆ ಸುಲಿಯುತ್ತೇನೆ ಎಂದೆ. ಸುಲಿದಾಗಿತ್ತು. ಪಾತ್ರೆಯ ನೀರಿನಲ್ಲಿ ಎಂಟು.

"ಒಬ್ಬಳಿಗೆ ಎಂಟಾ?"

"ಮಧ್ಯಾಹ್ನದಿಂದ ನೋಡ್ತಿದೀನಿ. ಇಡೀ ಗುಡ್ಡದಲ್ಲಿ ಒಂದು ಕೆಂಪು ಸ್ಕಾರ್ಫು. ಅಲ್ಲಿ ಕೂತು ನೀನು ನನ್ನ ನೋಡೋದು, ಇಲ್ಲಿ ಪರದೆ ಹಿಂದೆ ನಿಂತು ನಾನು ನಿನ್ನ ನೋಡೋದು. ಇಳೀತಾಳೋ ಇಲ್ವೋ, ಇಳೀತಾಳೋ ಇಲ್ವೋ..." ಒಲೆಯ ಕಡೆ ತಿರುಗಿದಳು. "ಇಳೀದೆ ಹೋಗಿದ್ರೆ ನಾಲ್ಕನ್ನ ಕೋಳಿಗೆ ಹಾಕ್ತಿದ್ದೆ."

ಉಪ್ಪು ಹಾಕಿದ ಹೆರಿಂಗ್ ಮೀನು, ಆಲೂಗಡ್ಡೆ. ಈವೆನ್‌ನ ಕುರ್ಚಿ ಖಾಲಿ ಬಿಟ್ಟು ಕೂತೆವು. ಕುರಿಯ ಕಿವಿಯ ಮಾತು ನಾನು ತೆಗೆದೆ. ಅವಳು ತಟ್ಟೆ ನೋಡುತ್ತ ಹೇಳಿದಳು, "ಅವನೇ ಹಟ ಮಾಡ್ದ. ಆ ಕಡೆ ಅಪ್ಪನ ಗುರುತು ಉಳಿಸೋರು ಯಾರೂ ಇಲ್ಲ, ಇಲ್ಲಾದ್ರೂ ಇರಲಿ ಅಂದ."

ಇನ್ವರ್ನೆಸ್ ವಿಷಯ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೇಳಲು ಹೆದರಿಕೆ. ಮೇಲಿನ ಕೋಣೆಯಲ್ಲಿ ಒಂದೇ ಹಾಸಿಗೆ. ಮಲಗುವಾಗ ಅವಳು ಗೋಡೆಯ ಕಡೆ ಸರಿದಳು.

ಈಗ. ನಿಜವಾಗಿ ಬರೆಯಬೇಕಾದದ್ದು ಇದು. ಚರ್ಚಿಗೆ ಮೊದಲು ಮನೆಯಲ್ಲಿ ಓದುತ್ತೇವಲ್ಲ, ಪುಟ ತೆಗೆದಿಡು ಎಂದು ಹೇಳಿ ಮೇಲೆ ಹೋದಳು. ಬೈಬಲ್ ತೆರೆದೆ. ಕಪ್ಪು ಅಂಚಿನ ಒಂದು ಕವರು. ನನ್ನ ವಿಳಾಸ, ಅವಳ ಅಕ್ಷರ. ಅಂಚೆಚೀಟಿ ಹಚ್ಚಿದ್ದಾಳೆ, ಕವರಿನ ಬಾಯಿ ಅಂಟಿಸಿಲ್ಲ, ಪೋಸ್ಟ್ ಆಗಿಲ್ಲ. ನನ್ನ ಹೆಸರಿದೆಯಲ್ಲ, ತೆಗೆದೆ. ಮಾರ್ಚ್ ತಿಂಗಳ ಕಾರ್ಡು. ಈವೆನ್ ಹೆಸರು, ಹೂಳುವ ದಿನ, ಹೊತ್ತು. ಒಂದನೇ ಹಗ್ಗ ಅವಳೇ ಹಿಡಿದಳೆಂದು ಕರ್ಸ್ಟಿ ಆಗಲೇ ಹೇಳಿದ್ದಳು, ಈಗೀಗ ಹೆಂಗಸರೂ ಹಿಡಿಯುತ್ತಾರೆ. ಕಾರ್ಡಿನ ಕೆಳಗೆ ಬರೆದಿದೆ—

ಎರಡನೇ ಹಗ್ಗ: ಮರ್ಡೀನಾ.

ಪಾದದ ಕಡೆಯದು. ಎದುರುಬದುರು. ಅವಳು ತಲೆಯ ಹತ್ತಿರ, ನಾನು ಪಾದದ ಹತ್ತಿರ. ನಾನು ಅವತ್ತು ಕೋಟು ಹಾಕಿಕೊಂಡು ಕಂಬದ ಬಳಿ ಗಾಳಿ ನೋಡುತ್ತಿದ್ದೆ.

ಮೆಟ್ಟಿಲ ಮೇಲೆ ಸದ್ದು. ಕಾರ್ಡನ್ನು ಇದ್ದಲ್ಲಿ ಇಡಲೇ? ಇಲ್ಲ. ಇನ್ನು ಏನನ್ನೂ ಒಲೆಗೆ ಹಾಕುವುದಿಲ್ಲ, ಡಬ್ಬದ ಹಿಂದೆ ಬಚ್ಚಿಡುವುದಿಲ್ಲ. ಕೈಯಲ್ಲೇ ಹಿಡಿದಿರುತ್ತೇನೆ, ನೋಡಲಿ.

"ಮರ್ಡೀ! ಭಾನುವಾರ ಬರೀತಾ ಕೂತಿದೀಯೇನೇ?"

ಹೌದು ಅನ್ನಬೇಕು. ಆಮೇಲೆ ಕೇಳಬೇಕು, ಎರಡನೇ ಹಗ್ಗ ಆ ದಿನ ಯಾರ ಕೈಯಲ್ಲಿ—